ಕಾರ್ಬುರೇಟರಿನ ಜೋಡಿ ಗುಂಡು

ಹಿತ್ತಾಳೆ ಕಂಡರೆ ನೀಲಗಂಗವ್ವನ ಕೈ ಸುಮ್ಮನಿರುವುದಿಲ್ಲ. ಬನವಾಸಿಯಿಂದಾಚೆ ವರದಾ ಹೊಳೆಯ ದಂಡೆಗಿರುವ ಆ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಅವಳು ಕಂಬದ ಬುಡದಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಾಳೆ. ಓದುವವರು ಮಂಗಳ ಹಾಡಿ ಎದ್ದ ಮೇಲೆ ಸೆರಗಿನ ತುದಿಯಿಂದ ಮಠದ ಹಿತ್ತಾಳೆ ದೀಪದ ಸಮೆಯ ಬುಡವನ್ನು ಒಮ್ಮೆ ಒರೆಸಿಯೇ ಮನೆಗೆ ಹೊರಡುತ್ತಾಳೆ. ಮಾತು ಕಡಿಮೆ. ಪಾತ್ರೆ ತಿಕ್ಕುವಾಗ ಅವಳ ತುಟಿ ಅಲ್ಲಾಡುತ್ತದೆ. ಪದ ಯಾರಿಗೂ ಕೇಳಿಸುವುದಿಲ್ಲ, ಲಯ ಮಾತ್ರ ಕೈಯಲ್ಲಿ ಕಾಣುತ್ತದೆ.

ಕಣದ ರಾಶಿಗೆ ಪೂಜೆ ಮಾಡುವ ಹಿಂದಿನ ದಿನ ಅವಳು ಮನೆಯ ಹಿತ್ತಾಳೆಯನ್ನೆಲ್ಲ ಹಿತ್ತಲ ಕಲ್ಲಿನ ಮೇಲೆ ತಂದಿಟ್ಟುಕೊಂಡು ಕೂತಿದ್ದಳು. ಹುಣಸೆಹುಳಿ, ಇಟ್ಟಿಗೆಪುಡಿ, ತೆಂಗಿನ ಜುಂಗು. ಪಡಸಾಲೆಯ ಕಟ್ಟೆಯ ಮೇಲೆ ಒಂದು ಹಿತ್ತಾಳೆ ತಾಟು ಇತ್ತು. ಅದರೊಳಗೆ ಒಂದಿಷ್ಟು ಎಣ್ಣೆ ಮೆತ್ತಿದ ಚೂರುಪಾರು. ಅದರಲ್ಲೊಂದು ಎರಡು ಪುಟ್ಟ ಗುಂಡುಗಳು ಒಂದು ಪಟ್ಟಿಗೆ ಅಂಟಿಕೊಂಡಂತಿತ್ತು. ಯಾವುದೋ ಎತ್ತಿನ ಕೊರಳ ಗೆಜ್ಜೆಯದ್ದಿರಬೇಕು ಎಂದುಕೊಂಡಳು. ತಾಟಿನ ಜೊತೆ ಅದನ್ನೂ ತಿಕ್ಕಿದಳು. ಒಂದು ಗುಂಡಿನ ನೆತ್ತಿಯ ಮೇಲೆ ಒಣಗಿದ ಅಲಸಂದಿ ಕಾಳಿನಂಥ ಒಂದು ಕಪ್ಪು ಕಲೆ, ಹುಣಸೆಗೆ ಬಗ್ಗಲಿಲ್ಲ. ಬಗ್ಗದ ಕಲೆಯನ್ನು ಬಿಟ್ಟೇಳುವ ಹೆಂಗಸಲ್ಲ ಅವಳು. ಇಟ್ಟಿಗೆಯ ಚೂರಿನಿಂದಲೇ ಉಜ್ಜಿ ಉಜ್ಜಿ ಅದನ್ನು ತೆಗೆದುಹಾಕಿದಳು. ಗುಂಡು ಬಂಗಾರದಂತೆ ಹೊಳೆಯಿತು.

ಅದು ಗೆಜ್ಜೆಯಾಗಿರಲಿಲ್ಲ. ಭತ್ತ ತೂರುವ ಫ್ಯಾನನ್ನು ತಿರುಗಿಸುವ ಹಳೆಯ ಪೆಟ್ರೋಲ್ ಎಂಜಿನ್ನಿನ ಕಾರ್ಬುರೇಟರೊಳಗೆ ಪೆಟ್ರೋಲಿನ ಮೇಲೆ ತೇಲುತ್ತ, ಮಟ್ಟ ಏರಿದರೆ ತಾನೂ ಏರಿ ಕಿಂಡಿ ಮುಚ್ಚುವ ಪೊಳ್ಳು ಗುಂಡು. ಮಗ ರವೀಂದ್ರ ಎಂಜಿನ್ ಬಿಚ್ಚಿ ತೊಳೆದು, ಬಿಡಿ ಸಾಮಾನು ಕಳೆಯದಿರಲೆಂದು ತಾಟಿನಲ್ಲಿ ಹಾಕಿಟ್ಟಿದ್ದ. ಸಂಜೆ ಬಂದು ನೋಡಿದರೆ ಎಲ್ಲ ಫಳಫಳ. ಅವನಿಗೆ ಖುಷಿಯೇ ಆಯಿತು. ಹಾಗೇ ಜೋಡಿಸಿಬಿಟ್ಟ.

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು. ಆ ತಿಂಗಳಿಗೆ ಬರಬಾರದ ಮೋಡ. ಗಾಳಿ ಎಂಬುದು ಎಲೆಯ ತುದಿಯಲ್ಲೂ ಇರಲಿಲ್ಲ. ಸಗಣಿ ಸಾರಿಸಿದ ಕಣದ ನಡುವೆ ಬಡಿದು ಹಾಕಿದ ಭತ್ತದ ರಾಶಿ, ಹೊಟ್ಟು ಜೊಳ್ಳಿನ ಸಮೇತ, ಮಂಜಿನ ತೇವ ಹಿಡಿದುಕೊಂಡು ಕೂತಿತ್ತು. ರವೀಂದ್ರ ಎಂಜಿನ್ನಿಗೆ ಹಗ್ಗ ಸುತ್ತಿ ಎಳೆದ. ಅದು ಒಮ್ಮೆ ಕೆಮ್ಮಿತು. ಎರಡನೆಯ ಸಲ ಎಳೆಯುವಷ್ಟರಲ್ಲಿ ಕಾರ್ಬುರೇಟರಿನ ಬಾಯಿಂದ ಪೆಟ್ರೋಲು ಕಣದ ಮೇಲೆ ಸುರಿಯತೊಡಗಿತು.

ನಲ್ಲಿ ಮುಚ್ಚಿ, ಸ್ಕ್ರೂ ಬಿಚ್ಚಿ, ಗುಂಡನ್ನು ಹೊರತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಗುಳುಗುಳು ಎಂದಿತು.

"ಇದರ ಹೊಟ್ಟ್ಯಾಗ ಪೆಟ್ರೋಲ್ ಹೊಕ್ಕೈತಿ. ತೇಲೂ ಬದಲಿ ಮುಳುಗಾಕತ್ತೈತಿ," ಎಂದು ಬಗ್ಗಿ ನೋಡಿದ. "ಇಲ್ಲೊಂದು ಸಣ್ಣ ತೂತು. ಇದನ್ನ ಬೆಸುಗಿ ಹಾಕಿ ಮುಚ್ಚಿರ್ತಾರ. ಆ ಬೆಸುಗಿನ ಇಲ್ಲ."

ನೀಲಗಂಗವ್ವನಿಗೆ ತಟ್ಟನೆ ಹೊಳೆಯಿತು. "ಕರೇದೊಂದು ಚುಕ್ಕಿ ಇತ್ತೇನಪ್ಪ ಅದು?"

"ಹೂಂ."

"ಕಿಲುಬು ಅಂತ ನಾನ ಉಜ್ಜಿ ತಗದೆ."

ರವೀಂದ್ರ ತಾಯಿಯ ಮುಖ ನೋಡಿದ, ಗುಂಡನ್ನು ನೋಡಿದ. ನೀಲಗಂಗವ್ವನ ಗಂಡ ಪರಮೇಶ್ವರಪ್ಪ ಕಣದ ಅಂಚಿನಲ್ಲಿ ಕೂತಲ್ಲಿಂದಲೇ, "ನಾ ಇಕಿ ಮುಂದ ಕುಂದ್ರಾಕ ಯಾಕ ಅಂಜ್ತೀನಿ ಗೊತ್ತಾತೇನು? ನನ್ನ ಹಲ್ಲಿಗೊಂದು ಹಿತ್ತಾಳಿ ಕಟ್ಟೈತಿ," ಎಂದ.

ಯಾರೂ ನಗಲಿಲ್ಲ. ಆ ರಾಶಿ ಬರೀ ಉಣ್ಣುವ ಭತ್ತವಾಗಿರಲಿಲ್ಲ. ಹೊಳೆ ಉಕ್ಕಿ ಗದ್ದೆಯ ಮೇಲೆ ನೀರು ನಿಂತರೂ ಕೊಳೆಯದೆ ತಲೆ ಎತ್ತುವ ಕೆಂಪಕ್ಕಿಯ ಭತ್ತ. ಮನೆಯವರು ಅದಕ್ಕೆ ಹೊಳೆಸಾಲಿ ಎನ್ನುತ್ತಿದ್ದರು. ನೀಲಗಂಗವ್ವ ಮದುವೆಯಾಗಿ ಬಂದಾಗ ಅವಳ ಅತ್ತೆ ಕಾಯುತ್ತಿದ್ದ ಬೀಜ, ಆಮೇಲೆ ಇವಳು ಕಾದಳು. ಊರಿನವರು ಒಬ್ಬೊಬ್ಬರಾಗಿ ಬಿಟ್ಟರು. ಹೋದ ವರ್ಷ ಇವರ ಬೀಜದ ಕಣಜಕ್ಕೂ ಹುಳ ಬಿದ್ದು, ಉಳಿದದ್ದು ಒಂದೇ ಗಡಿಗೆ. ಆ ಗಡಿಗೆಯಿಂದ ಎದ್ದದ್ದು ಈ ಒಂದು ರಾಶಿ. ತೇವದ ಹೊಟ್ಟಿನ ಜೊತೆ ತಾಡಪತ್ರಿ ಮುಚ್ಚಿಟ್ಟರೆ ಒಳಗೆ ಬಿಸಿ ಹಿಡಿದು ಮೊಳಕೆಯ ಜೀವ ಸಾಯುತ್ತದೆ. ಬಿಚ್ಚಿಟ್ಟರೆ ಮಳೆ. ಮನೆಯೊಳಗೆ ಬೇರೆ ಭತ್ತ ಹರವಿತ್ತು, ಕಾಳು ಕಲಸುವ ಮಾತೇ ಇರಲಿಲ್ಲ. ಇವತ್ತು ಮಳೆಗೆ ಮೊದಲು ತೂರಿ ಹಸನು ಮಾಡದಿದ್ದರೆ ಹೊಳೆಸಾಲಿ ಎಂಬುದು ಮುಂದಿನ ವರ್ಷ ಬಾಯಿಮಾತಿನಲ್ಲಿ ಮಾತ್ರ ಉಳಿಯುತ್ತಿತ್ತು.

ರವೀಂದ್ರ ಶಿರಸಿಯ ಅಂಗಡಿಗೆ ಫೋನು ಹಚ್ಚಿದ. "ಗುಂಡು ಒಂದ ಬರೂದಿಲ್ಲಂತ. ಇಡೀ ಕಾರ್ಬುರೇಟರ್ ತಗೋಬೇಕಂತ, ಅದೂ ಹುಬ್ಬಳ್ಳಿಯಿಂದ ತರಸಬೇಕು, ನಾಡದ್ದು ಬರ್ತೈತಂತ."

"ರೊಕ್ಕ?" ಪರಮೇಶ್ವರಪ್ಪ ಕೇಳಿದ.

"ಎಂಜಿನ್ ಮಾರಿದ್ರ ಬರೂವಷ್ಟು."

ಅಷ್ಟರಲ್ಲಿ ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಂತಿತು. ಸಿದ್ದಾಪುರ ಕಡೆಯ ಕೆರಿಯಪ್ಪ, ಸುಗ್ಗಿಯಲ್ಲಿ ಬಾಡಿಗೆಗೆ ಒಕ್ಕಿ ತೂರುವ ಯಂತ್ರ ಕಟ್ಟಿಕೊಂಡು ಊರೂರು ತಿರುಗುವವನು. ಕೂತಲ್ಲಿಂದಲೇ ಕೇಳಿದ: "ಎಂತ ನೀಲಕ್ಕ, ನಿಮ್ಮ ಮುದಿ ಎಂಜಿನ್ ಇವತ್ತೂ ಹಟ ಹಿಡ್ದು ಕೂತ್ಕಂಡದ್ಯಾ? ನಾ ಒಂದ್ ತಾಸಲ್ಲಿ ಮುಗ್ಸಿ ಕೊಡ್ತೆ."

"ನಿನ್ನ ಮಿಷನ್ನಿನ ಹೊಟ್ಟ್ಯಾಗ ಊರಾಗಿನ ಭತ್ತೆಲ್ಲ ಐತಿ, ಕೆರಿಯಪ್ಪ."

"ಜಾಡ್ಸಿ ಕೊಡ್ತೆ. ಬೇಕಾದ್ರೆ ಹಲ್ಲುಜ್ಜಿಸಿ ತರ್ತೆ."

"ಜಾಡಸಿದ್ರೂ ಮೂಲ್ಯಾಗ ನಾಕು ಕಾಳು ಉಳೀತಾವ. ಬೀಜದ್ದಪಾ ಇದು."

"ಹಂಗಾರೆ ಮಳೆಗೇ ಕೊಡಿ," ಎಂದ ಕೆರಿಯಪ್ಪ. ಸಿಟ್ಟಿರಲಿಲ್ಲ, ಕನಿಕರವೂ ಸ್ವಲ್ಪ ಇತ್ತು. ಮೋಡ ನೋಡಿ, ಗೇರು ಹಾಕಿ ಹೋದ.

ನೀಲಗಂಗವ್ವ ಮೊರ ಹಿಡಿದು ರಾಶಿಯ ಅಂಚಿನಲ್ಲಿ ಕೂತಳು. ಗಾಳಿಯಿಲ್ಲದೆ ಮೊರದಲ್ಲಿ ಕೇರಿ ಈ ರಾಶಿ ಮುಗಿಯುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಕೈ ಸುಮ್ಮನಿರಲಾರದು. ತುಟಿ ಮಾತ್ರ ಅಲ್ಲಾಡಲಿಲ್ಲ. ಇಷ್ಟು ವರ್ಷ ಕಾದದ್ದನ್ನು ಒಂದು ಇಟ್ಟಿಗೆ ಚೂರಿನಿಂದ ನಾನೇ ಕೆರೆದು ಹಾಕಿದೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗ ಸೊಸೆ ವಾಣಿಶ್ರೀ ಬುತ್ತಿ ಹೊತ್ತು ಬಂದಳು. ಬುತ್ತಿ ಇಳಿಸುತ್ತ ಗಂಡ ಹೇಳಿದ್ದನ್ನೆಲ್ಲ ಕೇಳಿಕೊಂಡಳು. "ಕೊಡ್ರಿ ಇಲ್ಲಿ," ಎಂದು ಗುಂಡನ್ನು ಇಸಿದುಕೊಂಡು ಅಂಗೈಯಲ್ಲಿ ತೂಗಿದಳು, ಉಗುರಿನಿಂದ ತಟ್ಟಿದಳು, ಒಂದೊಂದೇ ಗುಂಡನ್ನು ಕಿವಿಗೆ ಹಿಡಿದಳು. "ಇದೊಂದು ಛಲೋ ಐತ್ರಿ. ಇದೊಂದು ಕುಡದೈತಿ. ಹಿತ್ತಾಳಿ ತೆಳ್ಳಗ, ನಮ್ಮಪ್ಪನ ಪೇಟಿ ಸ್ವರದಷ್ಟ ತೆಳ್ಳಗ. ಬೆಸುಗಿ ಹಾಕಬೌದು."

ವಾಣಿಶ್ರೀಯ ತಂದೆ ಹಾನಗಲ್ ಕಡೆ ಭಜನೆ ಮೇಳಗಳಿಗೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ. ಹೊಟ್ಟೆಪಾಡಿಗೆ ಸುತ್ತಲಿನ ಮಠಮಾನ್ಯಗಳ ಪೇಟಿಗಳನ್ನು ರಿಪೇರಿ ಮಾಡುತ್ತಿದ್ದವನು. ಪೇಟಿಯೊಳಗಿನ ಹಿತ್ತಾಳೆ ಪಟ್ಟಿ ಸ್ವರ ತಪ್ಪಿದರೆ ತುದಿಯನ್ನು ಕೂದಲಷ್ಟು ಕೆರೆದು ಸ್ವರ ಏರಿಸಬೇಕು. ಇಳಿಸಬೇಕಾದರೆ ತುದಿಗೆ ಸಾಸಿವೆಯಷ್ಟು ಬೆಸುಗೆ ಕೂರಿಸಬೇಕು. ಮಗಳು ಅವನ ಮಗ್ಗುಲಲ್ಲೇ ಬೆಳೆದವಳು. ಈ ಮನೆಗೆ ಬಂದು ಮೂರು ಸುಗ್ಗಿಯಾಗಿದ್ದರೂ ನೀಲಗಂಗವ್ವನಿಗೆ ಇದು ಗೊತ್ತಿರಲಿಲ್ಲ. ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಬೆಸುಗಿ ಹಾಕಾಕ ಕಾಸೂ ಕಡ್ಡಿ ಎಲ್ಲೈತಿ, ಸೀಸ ಎಲ್ಲೈತಿ?" ರವೀಂದ್ರ ಕೇಳಿದ.

"ಮನ್ಯಾಗ ಹುಡುಕೂಣು ನಡ್ರಿ. ಮದ್ಲ ನೀರು ಕಾಸಬೇಕು."

ಹಿತ್ತಲಲ್ಲಿ ಕೆಲಸ ಶುರುವಾಯಿತು. ಒಲೆ ಒಳಗೆ, ಗುಂಡು ಹೊರಗೆ. ಬೆಂಕಿ ಇದ್ದಲ್ಲಿ ಗುಂಡನ್ನು ತರುವ ಹಾಗಿಲ್ಲ ಎಂದು ಅವಳು ಮೊದಲೇ ಹೇಳಿದಳು. ಕುದಿನೀರಿನ ತಪ್ಪಲೆಯನ್ನು ಹಿತ್ತಲಿಗೆ ತಂದು ಗುಂಡನ್ನು ತೂತು ಮೇಲಾಗಿ ಇಕ್ಕಳದಿಂದ ಮುಳುಗಿಸಿ ಹಿಡಿದಳು. ನೀಲಗಂಗವ್ವ ಬಗ್ಗಿ ನೋಡಿದಳು. ಕಣ್ಣಿಗೆ ಕಾಣದ ತೂತಿನಿಂದ ಮುತ್ತಿನ ಸರದಂತೆ ಗುಳ್ಳೆ ಏಳತೊಡಗಿದವು, ಒಂದರ ಹಿಂದೆ ಒಂದು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು.

"ಕಾವಿಗೆ ಒಳಗಿನ ಪೆಟ್ರೋಲು ಆವಿ ಆಗಿ ಹೊಂಟೈತ್ರಿ ಅತ್ತಿ. ನೀರು ಆರೂದ್ರೊಳಗ ತಗೀಬೇಕು. ಇಲ್ಲಂದ್ರ ಈಗ ಉಗುಳಿದ್ದರ ಬದ್ಲಿ ನೀರು ಕುಡೀತೈತಿ ಇದು."

ತೆಗೆದಳು, ಮೂಸಿದಳು, ಮತ್ತೆ ಬಿಸಿ ನೀರು ತರಿಸಿದಳು. ಮತ್ತೆ ಗುಳ್ಳೆ. ರವೀಂದ್ರನ ಕಣ್ಣು ಮೋಡದ ಮೇಲೆ. "ಸಾಕ ಮಾಡು. ಎಷ್ಟು ಸಲ ಜಳಕ ಮಾಡಸ್ತಿ ಅದಕ್ಕ?"

"ನಾರೂದು ನಿಲ್ಲೂತನ. ಹನಿ ಉಳದಿದ್ದು ಕೆಂಡದ ಮುಂದ ಹಿಡದ್ರ ನನ್ನ ಮಾರಿ ಹಾರಿ ಹೋಗ್ತೈತಿ. ಆಮ್ಯಾಲ ನೀವ ಇನ್ನೊಂದು ಹೆಣ್ಣು ನೋಡಬೇಕಾಗ್ತೈತಿ."

"ಹೆಣ್ಣು ಹುಬ್ಬಳ್ಳಿಯಿಂದ ತರಸಬೇಕೇನೋ," ಎಂದ ಪರಮೇಶ್ವರಪ್ಪ.

ಈ ಸಲ ನೀಲಗಂಗವ್ವನಿಗೂ ನಗು ಬಂತು.

ಗುಳ್ಳೆ ನಿಂತು, ವಾಸನೆ ಹೋಗುವ ಹೊತ್ತಿಗೆ ರವೀಂದ್ರ ಬೇಕಾದದ್ದನ್ನು ಹೊಂದಿಸಿದ್ದ. ಬೋರಿನ ಅರ್ಥಿಂಗಿಗೆ ತಂದು ಉಳಿದ ದಪ್ಪ ತಾಮ್ರದ ತಂತಿಯನ್ನು ಮೂರೆಳೆ ಹೊಸೆದು, ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ಇನ್ನೊಂದು ತುದಿಗೆ ಗೋವಿನಜೋಳದ ಬೆಂಡನ್ನು ಹಿಡಿಕೆಯಾಗಿ ಚುಚ್ಚಿಕೊಟ್ಟ. ಸೀಸಕ್ಕೆ ಪರಮೇಶ್ವರಪ್ಪನ ಸತ್ತ ರೇಡಿಯೋ ಬಂತು. ಅವನು ಅದನ್ನು ಕೊಡುವಾಗ ಎರಡು ಸಲ ಒರೆಸಿದ. "ಇದರಾಗ ಎಷ್ಟು ಭಕ್ತಿಗೀತಿ ಕೇಳೀನಿ."

"ಅದು ಇನ್ನ ಹಾಡೂದಿಲ್ರಿ ಮಾವಾರ."

"ಗೊತ್ತೈತಿ. ಆದ್ರೂ ಹೇಳಿದೆ."

ರೇಡಿಯೋದ ಹೊಟ್ಟೆಯಲ್ಲಿನ ತಂತಿಗಳ ಬುಡದಿಂದ ಬೆಸುಗೆಯನ್ನು ಕಾಯ್ದ ತಾಮ್ರದಿಂದ ಕರಗಿಸಿ, ಹಂಚಿನ ಚೂರಿನ ಮೇಲೆ ಹನಿಹನಿಯಾಗಿ ಇಳಿಸಿಕೊಂಡಳು. ಆಮೇಲೆ ಅತ್ತೆಯ ಕಡೆ ತಿರುಗಿ, "ದೇವರ ಕ್ವಾಣ್ಯಾಗ ರಾಳ ಐತೇನ್ರಿ?" ಎಂದು ಕೇಳಿದಳು.

ರಾಶಿಯ ಧೂಪಕ್ಕೆಂದು ತೆಗೆದಿಟ್ಟ ರಾಳ. ಘಟ್ಟದ ಕಾಡಿನ ಮರದ ಅಂಟು, ಯಲ್ಲಾಪುರದ ಸಂತೆಯಿಂದ ತರಿಸಿದ್ದು. ನೀಲಗಂಗವ್ವ ಯಾಕೆಂದು ಕೇಳದೆ ಡಬ್ಬಿಯನ್ನೇ ತಂದುಕೊಟ್ಟಳು.

"ಹಿತ್ತಾಳಿಗೆ ಬೆಸುಗಿ ಸುಮ್ಮನ ಅಂಟೂದಿಲ್ರಿ. ರಾಳ ಕರಗಿ ಹಾದಿ ಮಾಡಿಕೊಡಬೇಕು. ಅಪ್ಪ ಹಂಗ ಮಾಡ್ತಿದ್ದ." ವಾಣಿಶ್ರೀ ಅದನ್ನು ಪುಡಿಮಾಡಿ ತೂತಿನ ಸುತ್ತ ಚಿಟಿಕೆಯಷ್ಟು ಉದುರಿಸಿದಳು. ತೆಂಗಿನ ಕರಟದ ಕೆಂಡದಲ್ಲಿ ತಾಮ್ರದ ತುದಿ ಕೆಂಪಾಗುವ ಮೊದಲೇ ತೆಗೆದು, ಒಂದು ಹನಿ ಎತ್ತಿಕೊಂಡು ತೂತಿಗೆ ಮುಟ್ಟಿಸಿದಳು. ಹಿತ್ತಲೆಲ್ಲ ದೇವರ ಕೋಣೆಯ ವಾಸನೆ. ಹನಿ ಕೂತಿತು. ಕೂತದ್ದು ಒಮ್ಮೆ ಉಬ್ಬಿ, ನಡುವೆ ಸೂಜಿಮೊನೆಯಷ್ಟು ಬಾಯಿ ಬಿಟ್ಟಿತು.

ರವೀಂದ್ರ ಉಸಿರು ಬಿಟ್ಟ. ದೂರದಲ್ಲಿ ಗುಡುಗಿತು.

ವಾಣಿಶ್ರೀ ತಲೆ ಎತ್ತಲಿಲ್ಲ. ಗುಂಡನ್ನು ನೋಡುತ್ತ ಸುಮ್ಮನೆ ಕೂತಳು. ನೀಲಗಂಗವ್ವನಿಗೆ ಆ ಕೂರುವಿಕೆ ಗುರುತು ಸಿಕ್ಕಿತು. ಪುರಾಣ ಓದುವ ಶಾಸ್ತ್ರಿಗಳು ಕಠಿಣ ಪದ್ಯ ಬಂದಾಗ ಹೀಗೆಯೇ ನಿಲ್ಲುತ್ತಾರೆ, ತಪ್ಪಿದ್ದಕ್ಕಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ನೋಡಲಿಕ್ಕೆ. ಕೇಳುವವರು ಆಗ ಕೆಮ್ಮಬಾರದು. ಅವಳು ಮಗನ ಕಡೆ ಕಣ್ಣಲ್ಲೇ ಸನ್ನೆ ಮಾಡಿದಳು.

"ಒಳಗಿನ ಗಾಳಿ," ಎಂದಳು ವಾಣಿಶ್ರೀ ಕೊನೆಗೆ. "ಕಾವಿಗೆ ಗಾಳಿ ಹಿಗ್ಗಿ ಹೊರಗ ಬರಾಕ ಹಾದಿ ಹುಡುಕ್ತೈತಿ. ಇನ್ನೂ ಹಸಿ ಇದ್ದ ಬೆಸುಗಿ ತಳ್ಳಿಕೊಂಡ ಬರ್ತೈತಿ. ಗುಂಡು ಕಾಯಬಾರದು, ಬಾಯಿ ಅಷ್ಟ ಕಾಯಬೇಕು."

ಪಂಚೆಯ ಚೂರನ್ನು ತಣ್ಣೀರಲ್ಲಿ ಅದ್ದಿ ಗುಂಡಿಗೆ ಸುತ್ತಿದಳು, ಜ್ವರ ಬಂದ ಮಗುವಿನ ತಲೆಗೆ ಸುತ್ತಿದಂತೆ. ತೂತಿನ ಜಾಗವಷ್ಟೇ ಹೊರಗೆ. ಹಳೆಯ ಹನಿಯನ್ನು ಕೆರೆದು ತೆಗೆದು, ಹೊಸ ರಾಳ ಹಾಕಿ, ತಾಮ್ರವನ್ನು ಮತ್ತೆ ಕಾಯಿಸಿದಳು. ಈ ಸಲ ಅವಳ ಕೈ ಹೋದದ್ದೂ ಬಂದದ್ದೂ ಕಾಣಲಿಲ್ಲ. ತಬಲದ ಮೇಲೆ ಬೆರಳು ಬಿದ್ದು ಎದ್ದ ಹಾಗೆ. ಅದ್ದಿದ ಬಟ್ಟೆ ಚುಯ್ ಎಂದಿತು. ಹನಿ ಕೂತಿತು, ಮಸುಕಾಯಿತು, ಬಾಯಿ ಬಿಡಲಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಇಲ್ಲ.

"ಆತಲ್ಲ, ಕೊಡು," ರವೀಂದ್ರ ಕೈ ಚಾಚಿದ.

"ತಡೀರಿ." ಅತ್ತೆ ತಿಕ್ಕಿಟ್ಟ ಬಟ್ಟಲಲ್ಲಿ ವಾಣಿಶ್ರೀ ತಣ್ಣೀರು ತುಂಬಿ ಗುಂಡನ್ನು ತೇಲಿಬಿಟ್ಟಳು. ಬೆಸುಗೆ ಬಿದ್ದ ಕಡೆ ಅದು ತುಸು ವಾಲಿತು. "ಭಾರ ಜಾಸ್ತಿ ಆಗೈತಿ. ಹಿಂಗ ಹಾಕಿದ್ರ ಪೆಟ್ರೋಲು ಮಟ್ಟ ಮೀರಿ ಬರ್ತೈತಿ. ಎಂಜಿನ್ ಹೊಗಿ ಉಗುಳ್ತೈತಿ."

ಅಲ್ಲಿಂದ ಮುಂದಿನದ್ದನ್ನು ನೀಲಗಂಗವ್ವ ಕಣ್ಣು ಮಿಟುಕಿಸದೆ ನೋಡಿದಳು. ವಾಣಿಶ್ರೀ ದಾಡಿಯ ಬ್ಲೇಡನ್ನು ಎರಡು ಬೆರಳ ನಡುವೆ ಹಿಡಿದು ಆ ಹನಿಯ ಮೇಲಿಂದ ಒಂದು ಸಿಪ್ಪೆ ತೆಗೆದಳು. ಸಿಪ್ಪೆ ಎಂದರೂ ಹೆಚ್ಚಾದೀತು. ನೀರಿಗೆ ಬಿಟ್ಟಳು, ನೋಡಿದಳು, ತೆಗೆದಳು, ಇನ್ನೊಂದು. ಮತ್ತೆ ನೀರಿಗೆ. ತಾನು ಅದೇ ಜಾಗವನ್ನು ಇಟ್ಟಿಗೆಯಿಂದ ತಿಕ್ಕಿದ್ದು ನೀಲಗಂಗವ್ವನಿಗೆ ನೆನಪಾಯಿತು. ತನ್ನದೂ ಕೆರೆಯುವುದೇ, ಇವಳದ್ದೂ ಕೆರೆಯುವುದೇ. ಆದರೆ ಈ ಕೈಗೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿತ್ತು. ಮನಸ್ಸಿನಲ್ಲಿ ನಾಚಿಕೆ ಏಳಬೇಕಿತ್ತು, ಎದ್ದದ್ದು ಬೇರೆ. ಒಳ್ಳೆಯ ಓದು ಕೇಳುವಾಗ ಎದೆಯಲ್ಲಿ ಏಳುವಂಥದ್ದು. ಕೊನೆಗೆ ಎರಡೂ ಗುಂಡುಗಳು ನೀರಿನ ಮೇಲೆ ಒಂದೇ ಮಟ್ಟಕ್ಕೆ ನಿಂತವು.

"ಈಗ ನೋಡ್ರಿ ಅತ್ತಿ. ಸಮ ಐತೇನು? ನಿಮ್ಮ ಕಣ್ಣು ಹೇಳ್ಲಿ."

ನೀಲಗಂಗವ್ವ ಬಟ್ಟಲಿನ ಮಟ್ಟಕ್ಕೆ ತಲೆ ಬಗ್ಗಿಸಿ ಹಣೆ ನೆಲಕ್ಕೆ ತಾಗುವಷ್ಟು ಬಾಗಿ ನೋಡಿದಳು. "ಸಮ ಐತಿ," ಎಂದಳು.

ಕಣಕ್ಕೆ ಓಡಿದರು. ರವೀಂದ್ರ ಜೋಡಿಸಿದ. ನಲ್ಲಿ ತೆರೆದು ಎಲ್ಲರೂ ಕಾರ್ಬುರೇಟರಿನ ಕೆಳಗೆ ನೋಡುತ್ತ ನಿಂತರು. ಒಂದು ಹನಿಯೂ ಬೀಳಲಿಲ್ಲ. ಹಗ್ಗ ಎಳೆದ. ಕೆಮ್ಮು. ಇನ್ನೊಮ್ಮೆ. ಎಂಜಿನ್ ಹತ್ತಿತು. ಆದರೆ ಓಟ ಕುಂಟುತ್ತಿತ್ತು, ನಾಲ್ಕು ಬಡಿತಕ್ಕೊಂದು ನುಂಗಿ ನುಂಗಿ.

"ಯಾರೂ ಮಾತಾಡಬ್ಯಾಡ್ರಿ ಒಂದೀಟು," ಎಂದಳು ವಾಣಿಶ್ರೀ. ಸ್ಕ್ರೂಡ್ರೈವರ್ ಹಿಡಿದು, ಎಂಜಿನ್ನಿನ ಕಡೆ ಕಿವಿ ಕೊಟ್ಟು, ಗಾಳಿಯ ಸ್ಕ್ರೂವನ್ನು ಇಷ್ಟಿಷ್ಟೇ ತಿರುಗಿಸಿದಳು. ನೀಲಗಂಗವ್ವ ಕಣ್ಣು ಮುಚ್ಚಿದಳು. ಮಠದ ಕಂಬದ ಬುಡದಲ್ಲಿ ಕೂತ ಹಾಗೆ ಕೇಳಿದಳು. ನುಂಗುವ ಬಡಿತ ಐದಕ್ಕೊಂದಾಯಿತು, ಎಂಟಕ್ಕೊಂದಾಯಿತು, ಆಮೇಲೆ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ.

"ಬಂತು," ಎಂದಳು ನೀಲಗಂಗವ್ವ. ಅದೇ ಗಳಿಗೆಗೆ ವಾಣಿಶ್ರೀಯ ಕೈಯೂ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಬೆಲ್ಟು ಏರಿಸಿದರು. ಫ್ಯಾನು ಬೀಸಿತು. ಪರಮೇಶ್ವರಪ್ಪ ಮತ್ತು ರವೀಂದ್ರ ಬುಟ್ಟಿ ಎತ್ತಿ ಸುರಿದರೆ ಹೊಟ್ಟು ಹಾರಿ ಹೊಲದ ಬದುವಿಗೆ ಹೋಗಿ ಬಿತ್ತು, ಜೊಳ್ಳು ನಡುವೆ ಬಿತ್ತು, ಗಟ್ಟಿ ಕಾಳು ಕಾಲಬುಡದಲ್ಲಿ ಕೆಂಪಗೆ ಸುರಿಯಿತು. ಯಾರೂ ಊಟ ಮಾಡಲಿಲ್ಲ. ಗುಡುಗು ಹತ್ತಿರ ಬಂತು, ಎಂಜಿನ್ ಅದಕ್ಕೆ ಕಿವಿಗೊಡಲಿಲ್ಲ. ಕೊನೆಯ ಬುಟ್ಟಿ ತೂರಿ ಫ್ಯಾನು ನಿಲ್ಲಿಸಿದರು. ಮೋಡದ ಕೆಳಗೆ ಮಿಂಚು ಹಾಯಿತು.

ಆ ಮನೆಯಲ್ಲಿ ಒಂದು ಪದ್ಧತಿ. ಹಸನಾದ ರಾಶಿಯಿಂದ ಅಳೆಯುವ ಮೊದಲು, ಚೀಲ ತುಂಬುವ ಮೊದಲು, ಮನೆಯ ಹಿರಿಯ ಹೆಂಗಸು ಮೂಡಣ ಮೂಲೆಗೆ ಕೂತು ಮೊದಲ ಬೊಗಸೆ ಬೀಜವನ್ನು ಹೊಸ ಗಡಿಗೆಗೆ ಹಾಕಬೇಕು. ಆಗ ಯಾರೂ ಮಾತಾಡುವಂತಿಲ್ಲ. ಯಾರ ಕೈ ಹಾಕುತ್ತದೆಯೋ ಆ ಕೈಯದ್ದೇ ಮುಂದಿನ ವರ್ಷದವರೆಗೆ ಬೀಜದ ಜವಾಬ್ದಾರಿ. ನೀಲಗಂಗವ್ವ ಗಡಿಗೆ ತಂದು ಮೂಡಣ ಮೂಲೆಯಲ್ಲಿಟ್ಟಳು. ಪರಮೇಶ್ವರಪ್ಪ ಪೇಟ ತೆಗೆದು ನಿಂತ. ಅವಳು ಕೂರಲಿಲ್ಲ. ಸೊಸೆಯ ರಟ್ಟೆ ಹಿಡಿದು ಗಡಿಗೆಯ ಮುಂದೆ ಕೂರಿಸಿದಳು.

ವಾಣಿಶ್ರೀ ಗಾಬರಿಯಿಂದ ಮೇಲೆ ನೋಡಿದಳು. ಮಾತಾಡಬಾರದೆಂಬುದು ಮರೆತೇಹೋಗಿತ್ತು. "ಅತ್ತಿ, ಕೈ ಪೆಟ್ರೋಲು ನಾರಾಕತ್ತಾವ್ರಿ."

"ನಾರ್ಲಿ," ಎಂದಳು ನೀಲಗಂಗವ್ವ. "ಹಾಕು."

ವಾಣಿಶ್ರೀ ಎರಡೂ ಕೈ ರಾಶಿಯೊಳಗೆ ಮಣಿಕಟ್ಟಿನವರೆಗೆ ಇಳಿಸಿದಳು. ತಾಡಪತ್ರಿಯ ಒಂದು ತುದಿಯನ್ನು ನೀಲಗಂಗವ್ವ ಅವಳ ತಲೆಯ ಮೇಲೆ ಎತ್ತಿ ಹಿಡಿದಳು. ಮೊದಲ ಹನಿ ಅದರ ಮೇಲೆ ಬಿತ್ತು.